ಮೈಲಾರಪ್ಪನ ಸುಳ್ಳು ಹರಕೆ

ರೋಣದಿಂದ ಅಬ್ಬಿಗೇರಿ ಹಾದು ಗಜೇಂದ್ರಗಡಕ್ಕೆ ಹೋಗುವ ಸರ್ಕಾರಿ ಬಸ್ಸನ್ನು ಹತ್ತೊಂಬತ್ತು ವರ್ಷದಿಂದ ಓಡಿಸುತ್ತಿದ್ದ ಮೈಲಾರಪ್ಪನಿಗೆ ಒಂದು ಚಟವಿತ್ತು. ರಸ್ತೆ ಬದಿಯಲ್ಲಿ ಯಾರಾದರೂ ಕೈ ಎತ್ತಿದರೆ ಸಾಕು, ಅವನ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಗುತ್ತಿತ್ತು. ಅಲ್ಲಿ ಸ್ಟಾಪ್ ಇರಲಿ, ಇಲ್ಲದಿರಲಿ. ದೂರದ ಹೊಲದ ಬದುವಿನಿಂದ ಹೆಂಗಸೊಬ್ಬಳು ಬುಟ್ಟಿ ಹೊತ್ತು ಓಡಿ ಬರುತ್ತಿದ್ದರೆ ಅವಳು ಬಂದು, ಹತ್ತಿ, ಕುಳಿತು, ಉಸಿರು ಬಿಡುವ ತನಕ ಗಾಡಿ ಅಲ್ಲಾಡುತ್ತಿರಲಿಲ್ಲ. ಕಂಡಕ್ಟರ್ ಗೌಸುಸಾಬ ಸೀಟಿ ಊದಿ ಊದಿ ದವಡೆ ನೋಯಿಸಿಕೊಳ್ಳುತ್ತಿದ್ದ.

“ಇದೇನು ಸರ್ಕಾರದ ಬಸ್ಸೋ, ನಿಮ್ಮಪ್ಪನ ಚಕ್ಕಡಿಯೋ?”

“ಎರಡೂ ಒಂದ ತಗೋ” ಎನ್ನುತ್ತಿದ್ದ ಮೈಲಾರಪ್ಪ.

ಮಾತು ತಮಾಷೆಯದಾದರೂ ಅದರಲ್ಲಿ ಸುಳ್ಳಿರಲಿಲ್ಲ. ಅವನ ಅಪ್ಪ ಶಿವನಪ್ಪ ನರಗುಂದದ ಸಂತೆಗೆ ಬಾಡಿಗೆ ಚಕ್ಕಡಿ ಹೂಡುತ್ತಿದ್ದವನು. ನಡೆದು ಹೋಗುವವರನ್ನು ಕಂಡರೆ ಕರೆದು ಹತ್ತಿಸಿಕೊಳ್ಳುತ್ತಿದ್ದ. ಮಗನಿಗೆ ಆಸ್ತಿ ಅಂತ ಬಂದದ್ದು ಆ ಗುಣವೊಂದೇ. ಅದನ್ನೇ ಅವನು ಡೀಸೆಲ್ ಗಾಡಿಗೆ ಅಂಟಿಸಿದ್ದ.

ಆ ಗಾಡಿಯೇ ಕೈತಪ್ಪಿ ಹೋಗುವ ಕಾಲ ಅವನ ನಲವತ್ತೆಂಟನೆಯ ವಯಸ್ಸಿನಲ್ಲಿ ಬಂತು. ಸಂಕ್ರಾಂತಿ ಮುಗಿದ ಮರುವಾರ ಚಾಲಕರ ಆರೋಗ್ಯ ತಪಾಸಣೆ ಇತ್ತು. ಡಾಕ್ಟರಮ್ಮ ನಿಲೋಫರ ರಕ್ತದ ಚೀಟಿಯನ್ನು ಒಮ್ಮೆ ನೋಡಿದರು, ಅವನ ಹೊಟ್ಟೆಯನ್ನು ಒಮ್ಮೆ ನೋಡಿದರು.

“ಸಕ್ಕರಿ ಐತಿ ನಿಮಗ. ಮೂರು ತಿಂಗಳದ ಸರಾಸರಿ ಹತ್ತು ದಾಟೇತಿ. ಇದು ಏಳೂವರಿ ಒಳಗ ಬರಬೇಕು. ಮೂರು ತಿಂಗಳು ಬಿಟ್ಟು ಮತ್ತ ನೋಡ್ತೀನಿ. ಬರಲಿಲ್ಲಂದ್ರ ಗಾಡಿ ನಡಸಾಕ ಅಡ್ಡಿಯಿಲ್ಲ ಅಂತ ನಾ ಬರಕೊಡೂದಿಲ್ಲ ನೋಡ್ರಿ.”

“ನನಗೆಲ್ಲಿ ಟೈಮ್ ಐತ್ರಿ ಮೇಡಂ? ಬೆಳಿಗ್ಗೆ ಏಳಕ್ಕ ಗಾಡಿ ಏರಿದ್ರ ಸಂಜಿ ಏಳಕ್ಕ ಇಳಿಯಾಂವ ನಾ.”

“ಏಳಕ್ಕ ಏರೋ ಮೊದಲ ಐದೂವರಿ ಅಂತ ಒಂದು ಹೊತ್ತು ಇರತೈತ್ರಿ. ಆಗ ನಾಕು ಕಿಲೋಮೀಟರ್ ನಡೀರಿ. ಗಾಡಿ ಎಲ್ಲೆಲ್ಲಿ ನಿಲ್ಲತೈತಿ ಅಲ್ಲೆಲ್ಲ ಕೆಳಗಿಳಿದು ಅದರ ಸುತ್ತ ನಾಕು ಸುತ್ತು ಹಾಕ್ರಿ. ಸಕ್ಕರಿ ಚಹಾ ಬಂದ್. ಅನ್ನ ಒಂದು ಮುಟಗಿ, ಪಲ್ಲೆ ತಾಟಿನ ತುಂಬ. ಗುಳಗಿ ತಪ್ಪಸಬ್ಯಾಡ್ರಿ. ಇಷ್ಟ.”

ಅಡ್ಡಿಯಿಲ್ಲ ಎಂಬ ಆ ಒಂದು ಸಾಲು ಸಿಗದಿದ್ದರೆ ಡಿಪೋದ ಮೂಲೆಯಲ್ಲಿ ಟೈರಿನ ಗಾಳಿ ನೋಡುವ ಕೆಲಸ. ಸಂಬಳಕ್ಕೇನೂ ಕುತ್ತಿರಲಿಲ್ಲ. ಆದರೆ ರಸ್ತೆ ಬದಿಯಲ್ಲಿ ಕೈ ಎತ್ತಿದವರಿಗೆ ಯಾರು ನಿಲ್ಲಿಸಬೇಕು? ಸ್ಟೇರಿಂಗ್ ಬಿಟ್ಟ ಮೈಲಾರಪ್ಪ ಹೇಗಿರುತ್ತಾನೆಂಬುದು ಅವನಿಗೇ ಗೊತ್ತಿರಲಿಲ್ಲ.

ಇನ್ನೊಂದು ಭಯವೂ ಇತ್ತು. ನಮ್ಮ ಕಡೆಯ ಮಂದಿ ಹೆಸರಿಡುವುದರಲ್ಲಿ ಜಾಣರು. ಸಂತೆಯಲ್ಲಿ ಒಮ್ಮೆ ಜಾರಿ ಬಿದ್ದವನನ್ನು ಸಾಯುವ ತನಕ ‘ಬಿದ್ದ ಬಸಪ್ಪ’ ಎಂದು ಕರೆದವರು. ‘ಸಕ್ಕರಿ ಮೈಲಾರಿ’ ಆಗಲು ಎಷ್ಟು ಹೊತ್ತು? ಅದೂ ಹೋಗಲಿ, ಡ್ರೈವರನ ಕಣ್ಣು ಮಂಜಾದೀತು, ನಡುದಾರಿಯಲ್ಲಿ ತಲೆ ತಿರುಗೀತು ಎಂದು ಹೆದರಿ ಜನ ಬಸ್ಸು ಹತ್ತದೇ ಹೋದರೆ? ಆದ್ದರಿಂದ ಈ ಸುದ್ದಿ ಹೆಂಡತಿ ಮಹೇಶ್ವರಿಗೂ ಗೌಸುಸಾಬನಿಗೂ ಬಿಟ್ಟು ಮೂರನೆಯವರಿಗೆ ಗೊತ್ತಾಗಬಾರದೆಂದು ಅವನು ಠರಾಯಿಸಿಬಿಟ್ಟ.

“ಬ್ಯಾನಿ ಬರೂದು ಮೈಗೆ. ಮರ್ಯಾದಿಗೆ ಏನಾಗತೈತ್ರಿ?” ಎಂದು ಮಹೇಶ್ವರಿ ಕೇಳಿದಳು. ಅಕ್ಕಿ ಡಬ್ಬಿಯನ್ನು ಮೇಲಿನ ಹಲಗೆಗೆ ಏರಿಸಿ, ಮರುದಿನದಿಂದ ಬುತ್ತಿಗೆ ಎರಡು ಜೋಳದ ರೊಟ್ಟಿ, ಮೆಂತೆ ಸೊಪ್ಪು, ಮೊಳಕೆ ಬಂದ ಹೆಸರುಕಾಳು ಕಟ್ಟತೊಡಗಿದಳು. ಒಂದು ಜೋಡಿ ಕ್ಯಾನ್ವಾಸ್ ಬೂಟನ್ನೂ ತರಿಸಿದಳು. ಬೆಳಗಿನ ಐದೂವರೆಗೆ ಗಂಡ ಬೂಟಿನ ಹಗ್ಗ ಕಟ್ಟಿಕೊಳ್ಳಲು ಬಗ್ಗಿ, ಹೊಟ್ಟೆ ಅಡ್ಡಬಂದು ಏದುಸಿರು ಬಿಡುವುದನ್ನು ನೋಡಲಾಗದೆ ತಾನೇ ಕುಳಿತು ಕಟ್ಟಿದಳು. ಮೊದಲ ಮೂರು ವಾರ ಹಾಗೆಯೇ ನಡೆಯಿತು.

ಎಲ್ಲ ಸರಿಯಿತ್ತು. ನಡೆಯುವುದೊಂದೇ ಸರಿಯಾಗಲಿಲ್ಲ.

ಮೊದಲ ದಿನ ಅಬ್ಬಿಗೇರಿಯ ಮನೆಯಿಂದ ಹೊರಟು ರೋಣದ ರಸ್ತೆಯಲ್ಲಿ ಅರ್ಧ ಕಿಲೋಮೀಟರ್ ಹೋಗಿರಲಿಲ್ಲ, ಹಾಲಿನ ಕ್ಯಾನು ಕಟ್ಟಿಕೊಂಡ ಈಶಪ್ಪನ ಮೋಟರ್ ಸೈಕಲ್ ಪಕ್ಕಕ್ಕೆ ಬಂದು ನಿಂತಿತು.

“ಯಾಕೋ ಮೈಲಾರಪ್ಪಾ, ನಡಕೋಂತ ಹೊಂಟಿ? ಹತ್ತು ಹತ್ತು.”

“ಇಲ್ಲೋ, ಹಂಗ ಸುಮ್ಮ…”

“ಸುಮ್ಮ ಯಾರರೆ ನಡೀತಾರೇನು? ನನ್ನ ಗಾಡಿ ನಿನಗ ಸಣ್ಣದಾತೇನು?”

ಇನ್ನೇನು ಹೇಳುವುದು? ಹತ್ತಿದ. ಈಶಪ್ಪ ಅವನನ್ನು ಒಯ್ದು ರೋಣದಲ್ಲೇ ಇಳಿಸಿದ. ಎರಡನೆಯ ದಿನ ಒಬ್ಬ ಮಾಸ್ತರರು, ಮೂರನೆಯ ದಿನ ಮೆಣಸಿನಕಾಯಿ ತುಂಬಿದ ಟಂಟಂ ರಿಕ್ಷಾ. ಹತ್ತೊಂಬತ್ತು ವರ್ಷ ಒಬ್ಬರನ್ನೂ ದಾರಿಯಲ್ಲಿ ಬಿಟ್ಟು ಹೋಗದವನನ್ನು ದಾರಿಯಲ್ಲಿ ಬಿಟ್ಟು ಹೋಗಲು ಆ ಸೀಮೆಯಲ್ಲಿ ಯಾರಿಗೂ ಮನಸ್ಸು ಬರುತ್ತಿರಲಿಲ್ಲ. ಒಲ್ಲೆನೆಂದರೆ ಮುಖ ಸಣ್ಣದು ಮಾಡಿಕೊಳ್ಳುತ್ತಿದ್ದರು. ನಾಲ್ಕು ಕಿಲೋಮೀಟರ್ ನಡೆಯಲು ಹೊರಟವನು ವಾರವಿಡೀ ಮಂದಿಯ ಗಾಡಿಗಳ ಮೇಲೆ ಕುಳಿತು ತಿರುಗಿದ. ತೂಕ ನೋಡಿದರೆ ಅರ್ಧ ಕಿಲೋ ಏರಿತ್ತು!

ಎಂಟನೆಯ ದಿನ ಈಶಪ್ಪ ಮತ್ತೆ ನಿಲ್ಲಿಸಿ ಹತ್ತು ಎಂದಾಗ ಮೈಲಾರಪ್ಪನ ಬಾಯಿಂದ ಅವನಿಗೇ ತಿಳಿಯದಂತೆ ಮಾತೊಂದು ಹೊರಬಿತ್ತು.

“ಹತ್ತಂಗಿಲ್ಲೋ ಮಾರಾಯಾ. ಹರಕಿ ಐತಿ. ಯುಗಾದಿ ತನಕ ದಿನಾ ನಡೀತೀನಂತ ದ್ಯಾವರಿಗೆ ಬೇಡ್ಕೊಂಡೀನಿ.”

ಈಶಪ್ಪ ತಟ್ಟನೆ ಇಂಜಿನ್ ಬಂದ್ ಮಾಡಿದ. ಕೆಳಗಿಳಿದು ಕೈ ಮುಗಿದ. “ಮೊದಲ ಹೇಳಬಾರದೇನೋ! ಹರಕಿ ಕೆಡಿಸಿದ ಪಾಪ ನನಗ ಬರ್ತಿತ್ತು” ಎಂದು ಗಲ್ಲ ಬಡಿದುಕೊಂಡು ಹೋದ. ಹಾಲಿನವನ ಬಾಯಿಗೆ ಬಿದ್ದ ಸುದ್ದಿ ಹಾಲಿಗಿಂತ ಮೊದಲು ಮನೆ ಮನೆ ಮುಟ್ಟಿತು. ಮರುದಿನದಿಂದ ಒಂದು ಗಾಡಿಯೂ ನಿಲ್ಲಲಿಲ್ಲ. ಗಜೇಂದ್ರಗಡದ ನಿಲ್ದಾಣದಲ್ಲಿ ಅವನು ಬಸ್ಸಿಗೆ ಸುತ್ತು ಹಾಕುವುದನ್ನು ನೋಡಿ ಮುದುಕಿಯೊಬ್ಬಳು, “ಗಾಡಿಗೂ ಪ್ರದಕ್ಷಿಣಿ ಹಾಕ್ತಾನಲ್ಲಬೇ, ಏನು ಭಕ್ತಿ!” ಎಂದಳು. ಗೌಸುಸಾಬ ನಗು ತಡೆಯಲಾರದೆ ಟಿಕೆಟ್ ಯಂತ್ರವನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡ.

ಆದರೆ ಹರಕೆಯೆಂದರೆ ನಮ್ಮ ಕಡೆ ಬರೀ ಕಾಲಿನ ಮಾತಲ್ಲ. ಹರಕೆ ಹೊತ್ತು ನಡೆಯುವವನಿಗೆ ದಾರಿಯುದ್ದಕ್ಕೂ ಉಣಿಸಬೇಕು. ಉಣಿಸಿದವರಿಗೂ ಆ ಪುಣ್ಯದಲ್ಲಿ ಪಾಲುಂಟು. ಮೈಲಾರಪ್ಪ ಸುಳ್ಳು ಹೇಳುವ ಗಡಿಬಿಡಿಯಲ್ಲಿ ಇದನ್ನು ಮರೆತಿದ್ದ.

ಊರು ದಾಟಿ ಎರಡು ಕಿಲೋಮೀಟರಿಗೆ, ಅವನು ಹಿಂದಿರುಗುವ ಜಾಗಕ್ಕೆ ಸರಿಯಾಗಿ, ರಸ್ತೆಗೆ ಹತ್ತಿಕೊಂಡು ಶಂಕ್ರವ್ವನ ಹೊಲದ ಮನೆ. ಎಪ್ಪತ್ತು ದಾಟಿದ ಜೀವ. ಮಗ ಭೀಮೇಶ ಟ್ರ್ಯಾಕ್ಟರ್ ಬಾಡಿಗೆ ಹೊಡೆಯುವವನು. ಹರಕೆಯ ಸುದ್ದಿ ಕೇಳಿದ ಮರುದಿನ ಬೆಳಿಗ್ಗೆ ಆಕೆ ರಸ್ತೆಯ ಮೇಲೇ ತಾಟು ಹಿಡಿದು ನಿಂತಿದ್ದಳು. ತಾಟಿನಲ್ಲಿ ಗೋದಿ ಬೆಲ್ಲದ ಮಾದಲಿ, ಅದರ ಮೇಲೆ ತುಪ್ಪ.

“ಬಾ ತಮ್ಮಾ. ಹರಕಿ ಹೊತ್ತ ಜೀವ ಖಾಲಿ ಹೊಟ್ಟಿಲೆ ನಡೀಬಾರದು.”

“ಬ್ಯಾಡಬೇ…”

“ದ್ಯಾವರ ಹೆಸರಿಲೆ ಮಾಡೀನಿ. ಬ್ಯಾಡನ್ನಬ್ಯಾಡ.”

ಎರಡು ತುತ್ತು ತಿಂದ. ಮರುದಿನ ಮತ್ತೆ ಎರಡು ತುತ್ತು. ಬಾಣಲೆಯಿಂದ ಬೆಂಕಿಗೆ ಬಿದ್ದಂತಾಯಿತು ಅವನ ಪಾಡು. ಬೇರೆ ದಾರಿ ಹಿಡಿಯಬಹುದಿತ್ತು, ಆದರೆ ಮುದುಕಿ ಕತ್ತಲಲ್ಲೆದ್ದು ಒಲೆ ಹೊತ್ತಿಸಿ ಕಾಯುತ್ತಾಳೆಂಬುದು ಗೊತ್ತಿದ್ದೂ ದಾರಿ ತಪ್ಪಿಸುವುದು ಅವನಿಂದಾಗಲಿಲ್ಲ. ಕೊನೆಗೆ ತಾಟು ಇಸಿದುಕೊಂಡು, ‘ಮನಿಗೆ ಒಯ್ತೀನಿ, ಎಲ್ಲರೂ ತಿಂತಾರ’ ಎಂದು ಡಬ್ಬಿಗೆ ಹಾಕಿಸಿಕೊಳ್ಳುವುದನ್ನು ಕಲಿತ. ಮಾದಲಿ ಗೌಸುಸಾಬನ ಪಾಲಾಯಿತು. “ನಿನ್ನ ಹರಕಿ ನನ್ನ ಹೊಟ್ಟಿಗೆ ಚಲೋ ಫಲ ಕೊಟ್ಟೈತಿ ನೋಡು” ಎನ್ನುತ್ತಿದ್ದ ಅವನು.

ಹೀಗೆ ಫೆಬ್ರುವರಿ ನಡುವಿಗೆ ಬಂತು. ಕಡಲೆ ಕಿತ್ತು ರಾಶಿ ಮಾಡುವ ಸುಗ್ಗಿ. ಮೈಲಾರಪ್ಪನ ಬೆಲ್ಟು ಒಂದು ತೂತು ಒಳಕ್ಕೆ ಸರಿದಿತ್ತು. ಬೂಟಿನ ಹಗ್ಗವನ್ನು ಈಗ ತಾನೇ ಕಟ್ಟಿಕೊಳ್ಳುತ್ತಿದ್ದ. ಬೆಳಗಿನ ತಂಪಿನಲ್ಲಿ ಕಪ್ಪು ಮಣ್ಣಿನ ವಾಸನೆ ಹಿಡಿದು ನಡೆಯುವುದು ಅವನಿಗೆ ಖರೇನೇ ಸುಖ ಕೊಡತೊಡಗಿತ್ತು. ಅಂಥ ಒಂದು ಬೆಳಿಗ್ಗೆ ಶಂಕ್ರವ್ವ ಮಾದಲಿ ಕೊಟ್ಟವಳು ಕೈ ಬಿಡಲಿಲ್ಲ.

“ತಮ್ಮಾ, ನಿನ್ನ ಹರಕಿಯೊಳಗ ನಂದೊಂದು ಮಾತು ಸೇರಿಸ್ತೀಯೇನು? ನಮ್ಮ ಭೀಮೇಶಗ ಏನೋ ಆಗೇತಿ. ಕೊಡಗಟ್ಲೆ ನೀರು ಕುಡೀತಾನ. ತಾಸಿಗೊಮ್ಮೆ ಹೊರಗ ಹೋಗಿ ಬರ್ತಾನ. ಉಣ್ಣೂದೇನೋ ಉಣ್ತಾನ, ಮೈ ಮಾತ್ರ ಕಡ್ಡಿ ಆಗೇತಿ. ಯಾರ ಕಣ್ಣು ತಾಗೇತೋ. ಅವನ ಹೆಸರು ಹಿಡಿದು ದ್ಯಾವರಿಗೆ ಬೇಡ್ಕೋ.”

ಇದೇ ಮಾತುಗಳನ್ನು ಡಾಕ್ಟರಮ್ಮ ಮೈಲಾರಪ್ಪನಿಗೆ ಒಂದೊಂದಾಗಿ ಕೇಳಿದ್ದರು: ನೀರಡಿಕೆ ಎಷ್ಟು, ಮೂತ್ರಕ್ಕೆ ಎಷ್ಟು ಸಲ, ಮೈ ಇಳಿದಿದೆಯೇ. ಹೇಳಬೇಕೆಂದು ಬಾಯಿ ತೆರೆದ. ಹೇಳಿದರೆ ‘ನಿನಗ ಹ್ಯಾಂಗ ಗೊತ್ತು’ ಎಂಬ ಪ್ರಶ್ನೆ ಬರುತ್ತದೆ. ಆ ಪ್ರಶ್ನೆಗೆ ಉತ್ತರ ಕೊಟ್ಟರೆ ಸಂಜೆಯೊಳಗೆ ರೋಣದಿಂದ ಗಜೇಂದ್ರಗಡದ ತನಕ ಎಲ್ಲರಿಗೂ ಗೊತ್ತಾಗುತ್ತದೆ.

“ಆತಬೇ, ಬೇಡ್ಕೋತೀನಿ. ದವಾಖಾನಿಗೂ ಒಮ್ಮೆ ತೋರಸ್ರಿ” ಎಂದಷ್ಟೇ ಹೇಳಿ ಮನೆಯ ಕಡೆ ತಿರುಗಿದ.

ಅವತ್ತು ದಿನವಿಡೀ ಅವನಿಗೆ ಗೇರು ಸರಿಯಾಗಿ ಬೀಳಲಿಲ್ಲ. ಅಬ್ಬಿಗೇರಿಯ ಹೋಟೆಲಿನವನು ಕೊಟ್ಟ ಚಹಾ ಆರಿ ಕೆನೆ ಕಟ್ಟಿತು. ಗೌಸುಸಾಬ ಕೇಳಿದ್ದಕ್ಕೆ ಎಲ್ಲವನ್ನೂ ಹೇಳಿದ. ಗೌಸುಸಾಬ ನಗಲಿಲ್ಲ.

“ತೋರಸ್ರಿ ಅಂತ ಹೇಳೀಯಲ್ಲ. ತೋರಸ್ತಾರ ಬಿಡು” ಎಂದ.

ಅದೇ ಸಮಾಧಾನ ಹಿಡಿದುಕೊಂಡು ಮೈಲಾರಪ್ಪ ಮರುದಿನ ಹೋದ. ಶಂಕ್ರವ್ವನ ಮುಖ ಅರಳಿತ್ತು.

“ನಿನ್ನೆ ಭೀಮೇಶನ ಹೆಂಡ್ತಿ ದವಾಖಾನಿಗೆ ಕರಕೊಂಡು ಹೋಗೂನು ಅಂದ್ಳು. ನಾನ ಬ್ಯಾಡಂದೆ. ಮೈಲಾರಪ್ಪ ಹರಕಿಯೊಳಗ ಹಾಕ್ಯಾನ, ಯುಗಾದಿ ತನಕ ತಡೀರಿ, ಎಲ್ಲಾ ನೆಟ್ಟಗಾಗತೈತಿ ಅಂದೆ. ರಾಶಿ ಸುಗ್ಗಿ ಬ್ಯಾರೆ. ಅವನೂ ಹ್ಞೂಂ ಅಂದ.”

ಯುಗಾದಿಗೆ ಇನ್ನೂ ತಿಂಗಳ ಮೇಲಿತ್ತು. ಮೈಲಾರಪ್ಪ ಕೈಯಲ್ಲಿದ್ದ ಡಬ್ಬಿಯನ್ನು ಕಟ್ಟೆಯ ಮೇಲಿಟ್ಟ. ಬಸ್ಸು, ಸ್ಟೇರಿಂಗ್, ಮಂದಿ ಇಡುವ ಹೆಸರು ಎಲ್ಲ ತಲೆಯೊಳಗೆ ಒಮ್ಮೆ ಗಿರಕಿ ಹೊಡೆದವು. ಆಮೇಲೆ ಅವನು ಅಲ್ಲೇ, ಆಕೆಯ ಕಾಲ ಬಳಿ ಕುಳಿತುಬಿಟ್ಟ.

“ಯವ್ವಾ, ನಾ ಹರಕಿ ಹೊತ್ತಿಲ್ಲ. ಸುಳ್ಳು ಹೇಳೀನಿ. ನನಗ ಸಕ್ಕರಿ ಬ್ಯಾನಿ ಐತಿ. ಡಾಕ್ಟರ್ ನಡೀ ಅಂದಾರ, ಅದಕ್ಕ ನಡೀತೀನಿ. ಭೀಮೇಶಗ ಆಗಿರೂದೂ ಅದ ಇರಬೇಕು. ಕಣ್ಣೂ ಅಲ್ಲ, ಮಾಟಾನೂ ಅಲ್ಲ. ಇವತ್ತ ಕಳಸ್ರಿ, ನಾಳಿ ಅನಬ್ಯಾಡ್ರಿ.”

ಶಂಕ್ರವ್ವ ಬಗ್ಗಿ ಅವನ ಮುಖ ನೋಡಿದಳು.

“ದ್ಯಾವರ ಹೆಸರಿಲೆ ಸುಳ್ಳು ಹೇಳಿದ್ಯಾ?”

“ಹೌದಬೇ.”

“ನಾ ಮಾಡಿದ ಮಾದಲಿ?”

“ಗೌಸು ತಿಂದ.”

ಆಕೆ ತಾಟನ್ನು ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಮೈಲಾರಪ್ಪ ಬಾಗಿಲಿನ ಮುಂದೆ ನಿಂತು ಎರಡು ಸಲ ಕರೆದ. ಮೂರನೆಯ ಸಲ ಕರೆಯಲು ಧೈರ್ಯ ಬರಲಿಲ್ಲ. ವಾಪಸು ಬರುವ ಎರಡು ಕಿಲೋಮೀಟರ್ ಅವನಿಗೆ ಇಪ್ಪತ್ತಾದವು.

ಹತ್ತು ಗಂಟೆಯ ಹೊತ್ತಿಗೆ ಗಜೇಂದ್ರಗಡದಿಂದ ರೋಣಕ್ಕೆ ಮರಳುವಾಗ ಆ ಹೊಲದ ಮನೆಯ ಮುಂದೆ ಯಾರೋ ಕೈ ಎತ್ತಿದರು. ಭೀಮೇಶ ಮತ್ತು ಅವನ ಹೆಂಡತಿ. ಭೀಮೇಶ ಹತ್ತಿ ಚಾಲಕನ ಹಿಂದಿನ ಸೀಟಿನಲ್ಲಿ ಕುಳಿತು, ಒಣಗಿದ ತುಟಿ ಸವರಿಕೊಂಡು, “ಅವ್ವ ಬೈದು ಕಳಿಸ್ಯಾಳ ಕಾಕಾ” ಎಂದ. ಮೈಲಾರಪ್ಪ ತಿರುಗಿ ನೋಡಲಿಲ್ಲ, ಕಣ್ಣು ತುಂಬಿದ್ದವು. ಅವತ್ತು ಮಾತ್ರ ಅವನು ರೋಣದ ತನಕ ಎಲ್ಲಿಯೂ ಹೆಚ್ಚು ಹೊತ್ತು ನಿಲ್ಲಿಸಲಿಲ್ಲ.

ಭೀಮೇಶನ ರಕ್ತದಲ್ಲಿ ಸಕ್ಕರೆ ನಾನೂರ ಅರವತ್ತು ಇತ್ತು. ಮೂರು ದಿನ ದವಾಖಾನೆಯಲ್ಲೇ ಇಟ್ಟುಕೊಂಡು ಸೂಜಿ ಕೊಟ್ಟರು. ಇನ್ನೊಂದು ವಾರ ತಡೆದಿದ್ದರೆ ಎಚ್ಚರ ತಪ್ಪಿ ಬೀಳುತ್ತಿದ್ದ ಎಂದರಂತೆ ಡಾಕ್ಟರಮ್ಮ.

ಸುದ್ದಿ ಹರಡಲು ಸಂಜೆಯೂ ಬೇಕಾಗಲಿಲ್ಲ. ಮರುದಿನ ಬೆಳಿಗ್ಗೆ ಮೈಲಾರಪ್ಪ ಅಬ್ಬಿಗೇರಿಯಲ್ಲಿ ರಾತ್ರಿ ತಂಗಿದ್ದ ಬಸ್ಸು ಏರಿದಾಗ ಒಳಗೆ ಗುಸುಗುಸು ಇತ್ತು, ಅವನನ್ನು ಕಂಡು ಅದೂ ನಿಂತಿತು. ಬೆನ್ನಿಗೆ ಐವತ್ತು ಕಣ್ಣು ಚುಚ್ಚಿದಂತಾಯಿತು. ಕೀಲಿ ತಿರುವುವ ಮೊದಲೇ ಈಶಪ್ಪನ ದನಿ ಬಂತು. ಅವನ ಮೋಟರ್ ಸೈಕಲ್ ಅವತ್ತು ರಿಪೇರಿಗೆ ಹೋಗಿತ್ತು.

“ಮೈಲಾರಪ್ಪಾ, ಸಕ್ಕರಿ ಐತಂತಲ್ಲೋ, ಖರೇ ಏನು?”

ಮೈಲಾರಪ್ಪ ಎದ್ದು ನಿಂತು ಮಂದಿಯ ಕಡೆ ತಿರುಗಿದ. “ಖರೇ. ಹರಕಿ ಸುಳ್ಳು. ಗುಳಗಿ ತಗೋತೀನಿ, ನಡೀತೀನಿ. ಏಪ್ರಿಲದಾಗ ಡಾಕ್ಟರಮ್ಮ ಮತ್ತ ನೋಡ್ತಾರ, ಸಕ್ಕರಿ ಇಳೀದಿದ್ರ ಗಾಡಿ ಬಿಡ್ತೀನಿ. ಕಣ್ಣು ತೋರಿಸೀನಿ, ಚಲೋ ಅದಾವು. ಅಂಜಿಕಿ ಆದವರು ಇಳೀಬಹುದು, ನಾ ಏನೂ ಅನ್ನಂಗಿಲ್ಲ.”

ಯಾರೂ ಇಳಿಯಲಿಲ್ಲ. ಈಶಪ್ಪ ಕೆಮ್ಮಿದ. “ಇಳಿಯೂದು ಇರಲಿ. ಎಲ್ಲಿ ತೋರಿಸೀದಿ ಅದನ್ನ ಹೇಳು. ನನಗೂ ಕಾಲು ಜುಂ ಅಂತಾವು, ವರ್ಷದ ಮ್ಯಾಲಾತು” ಎಂದ. ಹಿಂದಿನ ಸೀಟಿನಿಂದ ಮಾಸ್ತರರು, “ನನಗ ಐದು ವರ್ಷಾತ್ರಿ” ಎಂದರು. ಅಷ್ಟು ಹೊತ್ತೂ ಬಾಯಿ ಬಿಗಿಹಿಡಿದಿದ್ದ ಇನ್ನೊಬ್ಬ ತನ್ನ ಬಿಪಿ ಗುಳಿಗೆಯ ಹೆಸರು ಹೇಳಿದ. ರೋಣ ಬರುವ ತನಕ ಆ ಬಸ್ಸಿನ ಗಂಡಸರು ತಂತಮ್ಮ ಹೊಟ್ಟೆ, ಮೊಣಕಾಲು, ನಿದ್ದೆಗಳ ಕಥೆಯನ್ನು ಬಿಚ್ಚಿದ್ದೇ ಬಿಚ್ಚಿದ್ದು. ಇಷ್ಟು ವರ್ಷ ಎಲ್ಲರೂ ಒಬ್ಬರಿಗೊಬ್ಬರು ಮುಚ್ಚಿಟ್ಟುಕೊಂಡು ಅದೇ ಬಸ್ಸಿನಲ್ಲಿ ಓಡಾಡಿದ್ದರು.

ಹೋಟೆಲಿನವನು ಕೇಳದೆಯೇ ಸಕ್ಕರೆಯಿಲ್ಲದ ಚಹಾ ಕೊಟ್ಟ. ‘ಸಕ್ಕರಿ ಮೈಲಾರಿ’ ಎಂಬ ಹೆಸರೂ ಬಂತು, ಅದೇನೂ ತಪ್ಪಲಿಲ್ಲ. ಕರೆದವರ ದನಿಯಲ್ಲಿ ಕಹಿಯಿಲ್ಲದ್ದರಿಂದ ಅವನೂ ಓಗೊಟ್ಟ. ಶಂಕ್ರವ್ವ ಮಾತ್ರ ರಸ್ತೆಗೆ ಬರಲಿಲ್ಲ. ಬೆಳಿಗ್ಗೆ ಅವನು ಅಲ್ಲಿ ತನಕ ನಡೆದು, ಮುಚ್ಚಿದ ಬಾಗಿಲನ್ನು ನೋಡಿ, ತಿರುಗುತ್ತಿದ್ದ. ಮೈ ಚೇತರಿಸಿಕೊಂಡ ಮೇಲೆ ಭೀಮೇಶ ಕೂಡಿ ನಡೆಯಲು ಬಂದ. ಅವ್ವ ಹೇಗಿದ್ದಾಳೆಂದು ಕೇಳಿದರೆ, “ಅದಾಳ” ಎಂದಷ್ಟೇ ಹೇಳುತ್ತಿದ್ದ. ಯುಗಾದಿ ಬಂದು ಹೋಯಿತು. ಬೇವಿನ ಜೊತೆ ಬೆಲ್ಲವನ್ನು ಸಾಸಿವೆ ಕಾಳಿನಷ್ಟು ತಿಂದು ಮೈಲಾರಪ್ಪ ನಡೆಯುವುದನ್ನು ಮುಂದುವರಿಸಿದ.

ಏಪ್ರಿಲ್ ನಡುವಿನ ಒಂದು ಸೋಮವಾರ, ಮೂರು ತಿಂಗಳ ಗಡುವು ಮುಗಿದಿತ್ತು. ಡಾಕ್ಟರಮ್ಮ ಚೀಟಿ ನೋಡಿದರು. ಮೈಲಾರಪ್ಪ ಅವರ ಪೆನ್ನನ್ನೇ ನೋಡುತ್ತಿದ್ದ.

“ಏಳು ಪಾಯಿಂಟ್ ಎರಡು” ಎಂದರು ಅವರು. “ಗಾಡಿ ನಡಸಾಕ ಅಡ್ಡಿಯಿಲ್ಲ ಅಂತ ಬರದೀನಿ. ನಡಿಗಿ ಬಿಟ್ರ ಮತ್ತ ಕಸಗೋತೀನಿ, ನೆನಪಿರಲಿ.”

ಅವನು ಮೊದಲು ಮಹೇಶ್ವರಿಗೆ ಫೋನು ಮಾಡಿದ. ಆಮೇಲೆ ಮಧ್ಯಾಹ್ನದ ಬಸ್ಸು ತೆಗೆದ. ಶಂಕ್ರವ್ವನ ಮನೆಯ ಹತ್ತಿರ ಬಂದಾಗ ಬಿಸಿಲಿನಲ್ಲಿ ಆಕೆ ರಸ್ತೆ ಬದಿಗೆ ನಿಂತು ಕೈ ಎತ್ತಿದ್ದಳು.

“ಎಲ್ಲಿಗೆ ಆಯಿ?” ಎಂದ ಗೌಸುಸಾಬ.

“ಎಲ್ಲಿಗೂ ಬರಾಕಿ ಅಲ್ಲ” ಎಂದವಳು ಚಾಲಕನ ಕಿಟಕಿಯ ಕೆಳಗೆ ಬಂದು ತಲೆ ಎತ್ತಿದಳು. “ಇವತ್ತ ತಪಾಸಣಿ ಅಂತ ಭೀಮೇಶ ಹೇಳ್ಯಾನ. ಏನಂದ್ಳೋ ಡಾಕ್ಟರಮ್ಮ?”

“ಗಾಡಿ ನಡಸಾಕ ಅಡ್ಡಿಯಿಲ್ಲ ಅಂದ್ರಬೇ.”

ಆಕೆ ಸೆರಗಿನಿಂದ ಮುಖ ಒರೆಸಿಕೊಂಡಳು. “ಹಂಗಾರ ಈಗ ಉಣ್ತೀನಿ” ಎಂದಳು.

“ಇಷ್ಟು ಹೊತ್ತಾದ್ರೂ ಉಂಡಿಲ್ಲೇನು?”

“ಒಂಬತ್ತು ಸೋಮವಾರಾತು, ಒಪ್ಪತ್ತು ಹಿಡದೀನಿ. ನಿನ್ನ ಗಾಡಿ ನಿನ್ನ ಕೈಯಾಗ ಉಳೀಲಿ ಅಂತ. ದ್ಯಾವರ ಮುಂದ ಸುಳ್ಳು ಹೇಳಿ ಕುಂತೀಯಲ್ಲೋ, ಯಾರರೆ ಒಬ್ರು ಖರೇ ಹರಕಿ ಹೊರಬೇಕಲ್ಲ! ನೀ ಮರ್ಯಾದಿ ಬಿಟ್ಟು ಹೇಳದಿದ್ರ ನನ್ನ ಮಗ ಇರ್ತಿರಲಿಲ್ಲ.”

ಮೈಲಾರಪ್ಪ ಇಂಜಿನ್ ಬಂದ್ ಮಾಡಿದ. ಬಾಗಿಲು ತೆರೆದು ಕೆಳಗಿಳಿದು ಆಕೆಯ ಕೈ ಹಿಡಿದ. ಆ ಕೈ ಹಗುರಾಗಿತ್ತು. “ಈ ವಯಸ್ಸಿನಾಗ ಉಪಾಸ ಇರ್ತಾರೇನಬೇ” ಎಂದು ಬೈಯುತ್ತಲೇ, ಅಳುತ್ತಲೇ, ಮನೆಯೊಳಗೆ ಕರೆದುಕೊಂಡು ಹೋದ. ರೊಟ್ಟಿ ಮುರಿದು, ಪಲ್ಲೆ ಹಚ್ಚಿ, ಮೊದಲ ತುತ್ತನ್ನು ತನ್ನ ಕೈಯಿಂದಲೇ ಉಣಿಸಿದ. ರಸ್ತೆಯ ಮೇಲೆ ಬಸ್ಸು ನಿಂತೇ ಇತ್ತು, ಒಳಗಿದ್ದ ನಲವತ್ತು ಮಂದಿಯಲ್ಲಿ ಒಬ್ಬರೂ ಹೊತ್ತಾಯಿತು ಎನ್ನಲಿಲ್ಲ.